ಪೌಡರಕ್ಕನ ಕೈಚಳಕ

ಪೌಡರಕ್ಕ ಹೇಡಿ. ಅದರಲ್ಲಿ ಎರಡು ಮಾತಿಲ್ಲ. ಜೊತೆಗೊಂದು ‘ಪಾಪ’ ಸೇರಿಸಿ ಮಾತನ್ನು ಮೆತ್ತಗೆ ಮಾಡುವ ಅಗತ್ಯವೂ ಇಲ್ಲ. ಬಡಗಿಯಾಗಿದ್ದ ಗಂಡ ಬದುಕಿರುವಷ್ಟು ಕಾಲವೂ ಅವಳನ್ನು ಹೊಡೆದ. ಅವನು ಸೊಂಟದ ಬೆಲ್ಟು ಬಿಚ್ಚುವುದು ಕಂಡೊಡನೆ ಅವಳು ಎದ್ದು ಹೋಗಿ ಮೊದಲು ಕಿಟಕಿ ಮುಚ್ಚುತ್ತಿದ್ದಳು. ಪಕ್ಕದ ಮನೆಯವರಿಗೆ ಕೇಳಬಾರದಲ್ಲ. ಒಮ್ಮೆ ಅವನು ಮಗಳ ತೋಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲನ್ನು ಒದ್ದ. ಮೂಳೆ ಮುರಿದದ್ದು ಅಡುಗೆಮನೆಯವರೆಗೆ ಕೇಳಿಸಿತು. ಆಸ್ಪತ್ರೆಯಲ್ಲಿ ಇವಳು ಹೇಳಿದ್ದು, “ಮೆಟ್ಟಿಲಿಂದ ಬಿದ್ಲು ಡಾಕ್ಟ್ರೇ.” ಮಗಳು ಅಮ್ಮನ ಮುಖವನ್ನೇ ನೋಡಿದಳು. ದೊಡ್ಡವಳಾಗಿ ಬೇರೆ ಊರು ಸೇರಿದ ಮೇಲೆ ಆ ಮುಖ ನೋಡುವುದನ್ನೂ ಬಿಟ್ಟಳು.

ಗಂಡ ಸತ್ತ ಮೇಲೆ ಅವಳ ಕೈಯಲ್ಲಿ ಉಳಿದದ್ದು ಒಂದೇ ವಿದ್ಯೆ, ಏಟಿನ ಗುರುತು ಮುಚ್ಚುವುದು. ನೀಲಿಗಟ್ಟಿದ ಕಡೆ ಮೊದಲು ಕಿತ್ತಳೆ ಬಣ್ಣ ತೆಳ್ಳಗೆ, ಅದರ ಮೇಲೆ ಮೈಬಣ್ಣ, ಆಮೇಲೆ ಪೌಡರು. ಒತ್ತಬೇಕು, ಉಜ್ಜಬಾರದು. ಸ್ವಂತ ಕೆನ್ನೆಯ ಮೇಲೆ ಕಲಿತ ಈ ಕೆಲಸಕ್ಕೆ ನಾಟಕ ಕಂಪನಿಯ ಬಣ್ಣದ ಕೋಣೆಯಲ್ಲಿ ಅನ್ನ ಹುಟ್ಟಿತು. ಹೆಸರೂ ಅಲ್ಲೇ ಅಂಟಿಕೊಂಡಿತು.

ಕಂಪನಿ ಆಗ ಆಡುತ್ತಿದ್ದದ್ದು ಹಡಗಿನ ವ್ಯಾಪಾರಿಯೊಬ್ಬನ ಕಥೆ. ಮಾತಿಗಿಂತ ಹಾಡೇ ಹೆಚ್ಚು. ಎರಡನೆಯ ಅಂಕದಲ್ಲಿ ವ್ಯಾಪಾರಿ ಹೆಂಡತಿಯ ಕೆನ್ನೆಗೆ ಬಾರಿಸುತ್ತಾನೆ, ಅವಳು ಬಿದ್ದಲ್ಲೇ ಕುಳಿತು ಹಾಡುತ್ತಾಳೆ. ನಿಜವಾಗಿ ಕೈ ತಾಗುವಂತಿಲ್ಲ. ಪರದೆಯ ಮರೆಯಲ್ಲಿ ವಾದ್ಯದವನೊಬ್ಬ ಎರಡು ಹಲಗೆತುಂಡುಗಳನ್ನು ಫಟ್ಟೆಂದು ಬಡಿಯುತ್ತಾನೆ. ಅದೇ ಗಳಿಗೆಗೆ ನಟಿ ಮುಖ ಹೊರಳಿಸುತ್ತಾಳೆ. ಅದು ರಂಗದ ಪದ್ಧತಿ.

ಒಂದು ದಿನ ನಾಯಕನಟನ ಕೈ ಅಂದಾಜು ತಪ್ಪಿ ತಾಗಿತು. ಆಟ ಮುಗಿದು ಹಿಂಬಾಗಿಲಲ್ಲಿ ಹಸ್ತಾಕ್ಷರಕ್ಕೆ ನಿಂತವರೆಲ್ಲ ಅದನ್ನೇ ಕೊಂಡಾಡಿದರು. “ಎಂಥಾ ಏಟು ಸಾರ್, ಎದೆ ಝಲ್ ಅಂತು!” ಮರುದಿನದಿಂದ ಕೈ ಬೇಕೆಂದೇ ತಾಗತೊಡಗಿತು. ಹಿಂಬಾಗಿಲಿನ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಮಾಲೀಕ ಕಣ್ಣಿದ್ದೂ ಕುರುಡನಾದ. ಬಣ್ಣದ ಕೋಣೆಯಲ್ಲಿದ್ದ ಪೌಡರಕ್ಕನಿಗೆ ಮಾತ್ರ ಪ್ರತಿ ಆಟದಲ್ಲೂ ಎರಡು ಸದ್ದು ಕೇಳುತ್ತಿತ್ತು: ಮೊದಲು ಮಾಂಸದ್ದು, ಅದರ ಬೆನ್ನಿಗೇ ಹಲಗೆಯದು. ಯಾವುದು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಕಿತ್ತಳೆ ಬಣ್ಣದ ಡಬ್ಬಿ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದಳು.

ಎರಡು ಆಟಗಳಿದ್ದ ಒಂದು ದಿನ, ಮಧ್ಯಾಹ್ನದ ಆಟ ಮುಗಿಸಿ ಬಂದ ನಟಿಯ ಎಡಕಿವಿಯಿಂದ ರಕ್ತ ಜಿನುಗುತ್ತಿತ್ತು.

“ಅಕ್ಕಾ, ಈ ಕಿವೀಲಿ ಬರೀ ಗುಂಯ್ ಅಂತಿದೆ. ಮೊನ್ನೇನೇ ಡಾಕ್ಟ್ರು ಹೇಳಿದ್ರು, ಹೀಗೇ ಏಟು ಬೀಳ್ತಿದ್ರೆ ಕಿವಿ ಹೋಗುತ್ತೆ ಅಂತ. ಸಂಜೆ ಆಟದಲ್ಲೂ ಅವನು ಬಿಡಲ್ಲ. ಶ್ರುತಿನೇ ಕೇಳದಿದ್ರೆ ನಾನು ಹಾಡೋದೇನು, ಮಣ್ಣು?”

“ಅಲ್ಲಾಡ್ಬೇಡ.”

“ಗುರುತು ನೋಡಿರೋದು ನೀವೊಬ್ರೇ. ಮಾಲೀಕರಿಗೆ ಒಂದು ಮಾತು ಹೇಳಿ ಅಕ್ಕಾ. ನಾನು ಹೇಳಿದ್ರೆ ಇವಳದ್ದು ಅತಿಯಾಯ್ತು ಅಂತಾರೆ.”

“ನಾನೇನೂ ನೋಡಿಲ್ಲಮ್ಮ. ಬಣ್ಣ ಹಚ್ಚೋದು ನನ್ನ ಕೆಲಸ.”

“ನಿಮ್ಮನೇಲಿ ಯಾರೂ ಏಟು ತಿಂದಿಲ್ವಾ?”

ಪೌಡರಕ್ಕ ಒದ್ದೆ ಬಟ್ಟೆಯಲ್ಲಿ ರಕ್ತ ಒರೆಸಿದಳು. ನಾಲ್ಕು ಬೆರಳಿನ ಬರೆ, ಒಂದು ಬೆರಳಿನ ಬುಡದಲ್ಲಿ ಉಂಗುರದ ಚೌಕ. ಎಲ್ಲವನ್ನೂ ಮುಚ್ಚಿದಳು. ಕೆನ್ನೆ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಾಯಿತು.

ನಟರು ವೇಷದಲ್ಲೇ ಹಿಂಬಾಗಿಲಿಗೆ ಬಂದು ಹಸ್ತಾಕ್ಷರ ಹಾಕಬೇಕೆಂಬುದು ಮಾಲೀಕನ ಕಟ್ಟಪ್ಪಣೆ. ಫೋಟೋಗೆ ಮುಖ ಬೆವರಿರಬಾರದೆಂದು ಪೌಡರಕ್ಕ ಡಬ್ಬಿ, ಒದ್ದೆ ಬಟ್ಟೆ ಹಿಡಿದು ಹಿಂದೆಯೇ ನಿಲ್ಲಬೇಕು. ಅಂದು ಜನ ಬಾಗಿಲ ಮುಂದೆ ಅಡ್ಡಕ್ಕೆ ಹಾಕಿದ್ದ ಮರದ ಕಟಕಟೆಯ ಮೇಲೆ ಬೀಳುತ್ತಿದ್ದರು. ಮುಂದಿದ್ದ ಕನ್ನಡಕದ ಹೆಂಗಸೊಬ್ಬಳು ನಾಟಕದ ಕರಪತ್ರವನ್ನು ನಟನ ಮುಂದೆ ಚಾಚಿದಳು.

“ನಾಲ್ಕನೇ ಸಲ ಬರ್ತಿರೋದು ಸಾರ್, ಆ ಏಟಿಗೋಸ್ಕರಾನೇ! ಅದು ಹೇಗೆ ಸಾರ್, ಥೇಟ್ ನಿಜ ಅನ್ಸುತ್ತೆ?”

“ಕಲೆ ಅಮ್ಮಾ, ಕಲೆ!” ನಟ ನಕ್ಕ. “ಫೋಟೋ ಬೇಕಾ? ಇನ್ನೊಂದ್ಸಲ ತೋರಿಸ್ತೀನಿ ತಗೊಳ್ಳಿ.”

ಅವನು ಕೈಯೆತ್ತಿದ. ಪಕ್ಕದಲ್ಲಿ ಹಸ್ತಾಕ್ಷರ ಹಾಕುತ್ತಿದ್ದ ನಟಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಸಿದೇಬಿಟ್ಟಳು. ಅವಳ ಪೆನ್ನು ಜನರ ಕಾಲಡಿ ಉರುಳಿತು. ಅದೂ ಅಭಿನಯವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನಟ ಅವಳ ಜಡೆ ಹಿಡಿದು ಎಬ್ಬಿಸಿ ಮುಖವನ್ನು ಹಿಂದಕ್ಕೆ ತಿರುಗಿಸಿದ.

“ಪೌಡರಕ್ಕಾ, ಬೆವರಿದಾಳೆ ನೋಡು. ಬೇಗ ಬಳಿ.”

ಪೌಡರಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿದಳು. ಆಮೇಲೆ, ಎಂದೂ ಮಾಡದಂತೆ, ಉಜ್ಜಿದಳು. ಪೌಡರು ಹೋಯಿತು, ಮೈಬಣ್ಣ ಹೋಯಿತು, ಕಿತ್ತಳೆಯೂ ಹೋಯಿತು. ನಾಲ್ಕು ಬೆರಳು ಎದ್ದು ಬಂದವು. ಉಂಗುರದ ಚೌಕವೂ ಬಂತು. ಕಿವಿಯಿಂದ ಮತ್ತೆ ಕೆಂಪು ಇಳಿಯಿತು.

ಚಪ್ಪಾಳೆ ಒಂದೊಂದೇ ಕೈಯಿಂದ ಉದುರಿತು. ಕನ್ನಡಕದವಳು ಕೆನ್ನೆ ನೋಡಿದಳು, ನಟನ ಬೆರಳಲ್ಲಿದ್ದ ಚೌಕದ ಉಂಗುರ ನೋಡಿದಳು.

“ಅಯ್ಯೋ, ನಿಜವಾಗ್ಲೂ ಹೊಡೀತಿದ್ನಾ ಇವನು?”

“ಮುಚ್ಚೇ ಅದನ್ನ!” ನಟ ಪೌಡರಕ್ಕನ ಮಣಿಕಟ್ಟು ಹಿಡಿದು ತಿರುಚಿದ. ಲಟಕ್ಕೆಂದಿತು. ಈ ಸಲ ಹಲಗೆ ಬಡಿಯುವವರು ಯಾರೂ ಇರಲಿಲ್ಲ. ಸದ್ದು ಸಾಲಿನ ಹಿಂದಿನವರಿಗೂ ಕೇಳಿಸಿತು. ಪೌಡರಕ್ಕ ಕಿರುಚಲಿಲ್ಲ. ಅದು ಧೈರ್ಯವಲ್ಲ, ಹಳೆಯ ರೂಢಿ. ಮೊದಲು ಒಂದು ಚಪ್ಪಲಿ ಹಾರಿ ಬಂತು, ಆಮೇಲೆ ಕಟಕಟೆಯೇ ಒಳಕ್ಕೆ ಬಿತ್ತು. ಯಾರೋ ನಟನ ಕೊರಳಪಟ್ಟಿಗೆ ಕೈಹಾಕಿದರು, ಯಾರೋ ಅವನ ಮೂಗಿಗೆ ಗುದ್ದಿದರು. ಏಟನ್ನು ನೋಡಲೆಂದೇ ಬಂದಿದ್ದ ಜನಕ್ಕೆ ಏಟು ಕೊಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಾಲೀಕ ಓಡಿ ಬಂದು ನಡುವೆ ನುಗ್ಗಿದ. “ಬಿಡ್ರಪ್ಪಾ! ಸಂಜೆಯಿಂದ ಇವನು ರಂಗ ಹತ್ತಲ್ಲ, ಬೇರೆಯವರ ಹತ್ರ ಮಾಡಿಸ್ತೀನಿ, ಆಣೆ!” ಎಂದು ಕೂಗಿದ. ಮತ್ತೆ ಪೌಡರಕ್ಕನ ಕಡೆ ತಿರುಗಿ ದನಿ ತಗ್ಗಿಸಿದ. “ನಿನ್ನ ಕೆಲಸಾನೂ ಹೋಗಬಾರ್ದು ಅಂದ್ರೆ ಮೊದಲು ಅವಳ ಕೆನ್ನೆ ಮುಚ್ಚು. ಫೋಟೋ ತೆಗೀತಿದಾರೆ.”

ಪೌಡರಕ್ಕನ ಬಲಗೈ ಜೋತು ಬಿದ್ದಿತ್ತು. ಅವಳು ಎಡಗೈಯಿಂದ ಡಬ್ಬಿಯ ಮುಚ್ಚಳ ಹಾಕಿ, ತಿರುಗಿಸಿ ಬಿಗಿ ಮಾಡಿದಳು.