ಒಂದು ಹಗಲು ಉಟ್ಟ ಸೀರೆ

ಆ ಸೀರೆಗೆ ನಾನು ಕೊಟ್ಟದ್ದು ನಾಲ್ಕೂವರೆ ಸಾವಿರ. ಹಳೆಯ ರೇಷ್ಮೆ ಸೀರೆ ಕೊಂಡು, ಜರಿ ಸುಟ್ಟು ಬೆಳ್ಳಿ ತೆಗೆಯುವವರಿಗೆ ಮಾರುವುದು ನನ್ನ ಕಸುಬು. ಕುಲುಮೆಗೆ ಹಾಕಿದ್ದರೆ ಅದರಲ್ಲಿ ಸಾವಿರವೂ ಹುಟ್ಟುತ್ತಿರಲಿಲ್ಲ. ಕೊಯಮತ್ತೂರಿನ ಬೀದಿಗಳಲ್ಲಿ ಗಂಟು ಹೊತ್ತು ಕೂಗಿ ಮೇಲೆ ಬಂದವಳು ನಾನು. ಕೊಳ್ಳುವಾಗ ಮುಖದಲ್ಲಿ ಆಸೆ ಕಾಣಿಸಬಾರದು ಎಂದು ಅಂಗಡಿಯ ಹುಡುಗಿಯರಿಗೆ ದಿನಾ ಹೇಳುವವಳು. ಆದರೆ ಅಂದು ದಲ್ಲಾಳಿ ಗಂಟು ಬಿಚ್ಚಿದೊಡನೆ ಒಂದು ವಾಸನೆ ಎದ್ದಿತು: ಸಾಂಬ್ರಾಣಿ, ಕರಗಿದ ಮೇಣ, ಬಾಡಿದ ಮಲ್ಲಿಗೆ, ಎಷ್ಟೋ ಹೆಣ್ಣುಮಕ್ಕಳ ಕತ್ತಿನ ಬೆವರು, ಎಲ್ಲದರ ಅಡಿಯಲ್ಲಿ ಹೆಸರಿಡಲಾಗದ ತಣ್ಣಗಿನ ಒಂದು ಎಳೆ. ಕೈ ಅಲ್ಲಿಗೇ ನಿಂತಿತು. “ಏನಕ್ಕಾ, ಪೇ ಪಿಶಾಚಿ ಕಂಡಂಗೆ ನಿಂತ್ಬುಟ್ರಿ?” ಎಂದ ಅವನು, ನನ್ನ ಮುಖ ನೋಡಿಯೇ ಬೆಲೆ ಏರಿಸಿದ. ನಾನು ಚೌಕಾಸಿ ಮಾಡಲಿಲ್ಲ. ನಮ್ಮೂರ ಚರ್ಚಿನ ಬಡ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಮದುವೆಗೆ ಉಟ್ಟ ಸೀರೆ ಅದು. ಮದುವೆಯಾಗದೆ ಹೋದವಳೊಬ್ಬಳೂ ಅದನ್ನು ಉಟ್ಟಿದ್ದಳು.

ಸಿರುಮುಗೈಯಲ್ಲಿ ಭವಾನಿ ಹೊಳೆಗೆ ಬೆನ್ನು ಹಾಕಿ ನಿಂತಿದ್ದ ಹೆಂಚಿನ ಮನೆ ನಮ್ಮದು. ಕೊಳ್ಳೇಗಾಲದ ಕಡೆಯಿಂದ ಎಂದೋ ಘಟ್ಟ ಇಳಿದು ಬಂದ ನೇಕಾರರು ನಾವು. ಸುತ್ತಲಿನ ಕನ್ನಡದ ಮನೆಗಳೆಲ್ಲ ಚೌಡೇಶ್ವರಿಗೆ ನಡೆದುಕೊಂಡರೆ ನಮ್ಮ ಮನೆಯಲ್ಲಿ ಮಾತೆ ಮರಿಯಮ್ಮ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಸಂಜೆಯ ಜಪಸರ ಮಾತ್ರ ಎರಡೂ ಕಲಸಿ. ಅಜ್ಜಿ ಚೌರಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಲಾಳಿಯ ಸದ್ದು ಯಾವುದು, ಹೊಳೆಯ ಸದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಅವಳು ತನ್ನ ಮದುವೆಗೆ ಎರವಲು ಸೀರೆ ಉಟ್ಟಿದ್ದಳಂತೆ. ಪೂಜೆ ಮುಗಿದು ಹೊರಗೆ ಬರುವಷ್ಟರಲ್ಲಿ ಸೀರೆಯ ಒಡತಿ ಚರ್ಚಿನ ಬಾಗಿಲಲ್ಲೇ ಕೈಚಾಚಿ ನಿಂತಿದ್ದಳಂತೆ. ಅದಕ್ಕೇ, ಕೈಯಲ್ಲಿ ನಾಲ್ಕು ಕಾಸು ಆಡಿದ ವರ್ಷ ಅಜ್ಜಿ ಸ್ವಂತ ರೇಷ್ಮೆ ಕೊಂಡು, ತುಂಬೆ ಹೂವಿನ ಬಿಳುಪಿಗೆ ಜರಿಯಂಚಿಟ್ಟು ಒಂದು ಸೀರೆ ನೇಯ್ದು, ಇಲ್ಲದವರ ಮನೆಯ ಮದುಮಗಳಿಗೆಂದು ಎತ್ತಿಟ್ಟಳು. ಅವಳ ಕಟ್ಟಳೆ ಒಂದೇ: ವಾಪಸ್ಸು ಕೇಳಬಾರದು, ಅವರಾಗಿ ತಂದರೆ ತೆಗೆದುಕೊಳ್ಳಬೇಕು. ತರದೆ ಉಳಿದವರು ಯಾರೂ ಇರಲಿಲ್ಲ.

ರೇಷ್ಮೆಯಾದ್ದರಿಂದ ಒಗೆಯುವಂತಿರಲಿಲ್ಲ. ಮದುವೆ ಮುಗಿಸಿ ಬಂದ ಸೀರೆಯನ್ನು ಅಜ್ಜಿ ಮಗ್ಗದ ಕೋಣೆಯ ನೆರಳಿನಲ್ಲಿ ಹಗ್ಗದ ಮೇಲೆ ಹರವುತ್ತಿದ್ದಳು. ಆ ಕೋಣೆಗೆ ಗಾಳಿ ಬರುತ್ತಿದ್ದುದು ಒಂದೇ ಕಿಂಡಿಯಿಂದ. ಗಾಳಿ ಇಲ್ಲದ ಮಧ್ಯಾಹ್ನಗಳಲ್ಲೂ ಸೆರಗು ಸಣ್ಣಗೆ ಅಲುಗುತ್ತಿತ್ತು. ಪೂಜೆಯಲ್ಲಿ ಮಂಡಿಯೂರಿದ ಕಡೆ ಬಿದ್ದ ಮಡಿಕೆ ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. ಯಾರೋ ಅಲ್ಲಿ ಕೂತಿದ್ದು, ನಾನು ಇಣುಕಿದ್ದಕ್ಕೆ ಎದ್ದುಹೋದ ಹಾಗೆ ಕಾಣುತ್ತಿತ್ತು. “ಯಾರಜ್ಜಿ ಅದು?” ಎಂದು ಕೇಳಿದರೆ ಅಜ್ಜಿ ಹೆದರಿಸುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. “ಉಟ್ಟೋರೆಲ್ಲಾರೂ, ಕಣ್ಣು. ಸ್ವಲ್ಪ ಹೊತ್ತು ಇದ್ಬುಟ್ಟು ಹೋಗ್ತಾರೆ, ನೀ ಆಟಕ್ಕೆ ಹೋಗು,” ಅನ್ನುತ್ತಿದ್ದಳು. ಮಕ್ಕಳನ್ನು ಮುದ್ದಿನಿಂದ ತಮಿಳರ ಹಾಗೆ ‘ಕಣ್ಣು’ ಎಂದು ಕರೆಯುವುದು ನಮ್ಮಲ್ಲಿ ರೂಢಿ.

ನನಗೆ ಹತ್ತು ತುಂಬಿದ ವರ್ಷ, ಈಸ್ಟರ್ ಕಳೆದ ಮೇಲೆ, ಭಾನುವಾರದ ಪೂಜೆಯಲ್ಲಿ ಫಾದರು ಇಬ್ಬರು ಮದುವಣಗಿತ್ತಿಯರ ಹೆಸರು ಓದಿದರು. ತಕರಾರಿದ್ದವರು ಹೇಳಲಿ ಎಂದು ಮದುವೆಗೆ ಮುಂಚೆ ಮೂರು ಭಾನುವಾರ ಹಾಗೆ ಓದುವುದು ನಮ್ಮಲ್ಲಿ ಪದ್ಧತಿ. ಒಬ್ಬಳು ರೋಸ್ಲಿ, ವಿಧವೆ ಅಂತೋಣಿಯಮ್ಮನ ಒಬ್ಬಳೇ ಮಗಳು. ಇನ್ನೊಬ್ಬಳು ಅವಳ ಗೆಳತಿ ಫಿಲೋಮಿನಾ, ಅಪ್ಪ ಅಮ್ಮ ಇಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ರೋಸ್ಲಿಯ ಮದುವೆ ಮೊದಲು, ಅದೇ ವಾರ ಫಿಲೋಮಿನಾಳದು. ಇಬ್ಬರಿಗೂ ಅದೇ ಸೀರೆ. “ಅದಕ್ಕೆ ಬೆವರೆಲ್ಲಾ ಒರೆಸಿ ಕೊಡ್ಬೇಡ ಕಣೇ, ನಾಳೆ ನಾ ಉಡ್ಬೇಕು,” ಎಂದು ಫಿಲೋಮಿನಾ ಕೆಣಕಿದರೆ, “ನನ್ನ ಬೆವರು ತಾಕಿದ್ರೆ ನಿನಗೆ ಅದೃಷ್ಟ, ಹೋಗೇ,” ಎಂದು ರೋಸ್ಲಿ ಜಡೆ ಎಳೆಯುತ್ತಿದ್ದಳು. ಮೂರನೆಯ ಓದು ಮುಗಿದ ವಾರ ಅವಳಿಗೆ ಜ್ವರ ಬಂತು. ಸೀರೆ ಆಗಲೇ ಅವಳ ಮನೆ ಸೇರಿತ್ತು. ಮದುವೆಯ ದಿನಕ್ಕೆ ಮುಂಚೆ ರೋಸ್ಲಿ ತೀರಿಕೊಂಡಳು.

ಮದುವೆಯಾಗದೆ ಹೋದ ಹೆಣ್ಣುಮಗಳನ್ನು ಮದುಮಗಳ ಹಾಗೆ ಸಿಂಗರಿಸಿ ಕಳಿಸುವ ವಾಡಿಕೆ ನಮ್ಮ ಕಡೆ. ತಲೆಗೆ ಹೂವಿನ ಕಿರೀಟ, ಬೆರಳುಗಳ ನಡುವೆ ಜಪಸರ, ಮೈಮೇಲೆ ಆ ಸೀರೆ. ಜರಿ ಮಿನುಗುವುದು ಉಟ್ಟವರು ಉಸಿರಾಡಿದಾಗ. ಅಂದು ಮೇಣದಬತ್ತಿ ಅಲುಗಿದಾಗಲೆಲ್ಲ ಅವಳ ಎದೆಯ ಮೇಲೆ ಜರಿ ಮಿನುಗಿತು, ಪ್ರತಿಸಲವೂ ರೋಸ್ಲಿ ಉಸಿರೆಳೆದಳು ಎಂದೇ ನನಗನಿಸಿತು. ಫಿಲೋಮಿನಾಳ ಚಿಕ್ಕಮ್ಮ ಅಜ್ಜಿಯನ್ನು ಮೂಲೆಗೆ ಎಳೆದಳು.

“ಸೀರೆ ಮಣ್ಣಿಗೆ ಹೋಗ್ತದಲ್ಲಾ ಚೌರಕ್ಕಾ! ನಮ್ಮ ಪೊಣ್ಣಿಗೆ ಏನು ಉಡಿಸ್ಲಿ? ಗಂಡಿನ ಕಡೆಯೋರು ಒಂದು ನೆಪ ಸಿಕ್ರೆ ಸಾಕು ಅಂತ ಕಾಯ್ತಾ ಅವ್ರೆ.”

“ಹೋದ್ರೆ ಹೋಗ್ಲಿ. ನಾ ಕೇಳಾಕಿಲ್ಲ.”

“ನೀ ಕೇಳ್ಬೇಡ, ನಾನು ಕೇಳ್ತೀನಿ.”

“ಕೇಳ್ನೋಡು. ಆಮೇಲೆ ನಿನ್ನ ಹೊಸ್ತಿಲು ನಾ ತುಳಿಯಾಕಿಲ್ಲ.”

ಚಿಕ್ಕಮ್ಮನ ಭಯ ಸುಳ್ಳಲ್ಲ. ಹೊಸ ಸೀರೆ ನೇಯಲು ವಾರಗಳು ಬೇಕು, ಕೊಳ್ಳಲು ಅವರ ಕೈಲಾಗದು. ಅಪ್ಪ ಅಮ್ಮ ಇಲ್ಲದ ಹುಡುಗಿ ಮಾಸಿದ ನೂಲಿನ ಸೀರೆಯಲ್ಲಿ ನಿಂತರೆ, ಆ ಮದುವೆ ಚರ್ಚಿನ ಬಾಗಿಲಲ್ಲೇ ಮುರಿಯುವ ಹಾಗಿತ್ತು.

ಮಣ್ಣು ಮುಗಿಸಿ ಬಂದ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಬಾಗಿಲಲ್ಲಿ ರೋಸ್ಲಿ ನಿಂತಿದ್ದಳು. ಬಿಳುಪು, ಜರಿಯಂಚು, ಕತ್ತಲಲ್ಲಿ ಮುಖವಿಲ್ಲ. ನಾನು ಚೀರಿದೆ. ಅಜ್ಜಿ ದೀಪ ಎತ್ತಿ ಹಿಡಿದರೆ, ಎರಡೂ ತೋಳುಗಳ ಮೇಲೆ ಸೀರೆ ಹೊತ್ತ ಅಂತೋಣಿಯಮ್ಮ. ಅವಳು ಆಡಿದ್ದು ತಮಿಳು. ನನ್ನ ಕಿವಿಯಲ್ಲಿ ಮಾತ್ರ ಅದು ಕನ್ನಡದಲ್ಲೇ ಉಳಿದಿದೆ. “ಪೆಟ್ಟಿ ಮುಚ್ಚೋ ಮುಂಚೆ ಗಂಡಸರನ್ನ ಆಚೆ ಕಳಿಸಿ ಬಿಡಿಸ್ಕೊಂಡೆ, ಅಕ್ಕಾ. ಅವಳ ನೀಲಿ ದಾವಣಿ ಉಡಿಸಿ ಕಳಿಸ್ದೆ. ಒಂದು ಹಗಲು ಉಟ್ಟಳಲ್ಲ, ಸಾಕು. ಇನ್ನೊಬ್ಬಳು ಕಾಯ್ತಾ ಇದ್ದಾಳೆ.” ಅಜ್ಜಿ ಬೇಡ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಎರಡು ಕೈಯಲ್ಲಿ ತೆಗೆದುಕೊಂಡಳು. ನಾನು ತುದಿಬೆರಳಲ್ಲಿ ಮುಟ್ಟಿದೆ. ಹೊಳೆಯ ತಳದ ಕಲ್ಲಿನಷ್ಟು ತಣ್ಣಗಿತ್ತು. ಆ ರಾತ್ರಿಯಿಡೀ ಮಗ್ಗದ ಕೋಣೆಯ ಹಗ್ಗದ ಮೇಲೆ ಅದು ಒಂದಿಷ್ಟೂ ಅಲುಗಲಿಲ್ಲವೆಂದು ಅಜ್ಜಿ ಬೆಳಿಗ್ಗೆ ಹೇಳಿದಳು.

ಬೆಳಿಗ್ಗೆಯೇ ಹೋಗಿ ಅವಳು ಫಿಲೋಮಿನಾಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. “ಹೆಣದ ಮೇಲಿದ್ದ ಸೀರೇನಾ! ಮಾದಾವೇ!” ಎಂದು ಚಿಕ್ಕಮ್ಮ ಮಾತೆಯನ್ನು ಕರೆದು ಶಿಲುಬೆ ಗುರುತು ಹಾಕಿಕೊಂಡಳು. “ಹೇಳ್ದೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಚೌರಕ್ಕಾ?”

“ಹೇಳ್ದೆ ಕೊಟ್ರೆ ಅದು ದಾನ ಅಲ್ಲ, ಯಾಪಾರ,” ಎಂದಳು ಅಜ್ಜಿ.

ಫಿಲೋಮಿನಾ ಚಿಕ್ಕಮ್ಮನನ್ನು ಸರಿಸಿ ಅಜ್ಜಿಯ ಮುಂದೆ ಬಂದಳು. “ಉಡ್ತೀನಿ. ಆದ್ರೆ ಅಂತೋಣಿಯಮ್ಮನೇ ಬಂದು ಉಡಿಸ್ಬೇಕು.” ಹಸಿ ಸೂತಕದ ತಾಯಿ ಮದುಮಗಳ ಕೋಣೆಗೆ ಕಾಲಿಡುವುದು ನಮ್ಮವರು ಕಂಡು ಕೇಳಿದ್ದಲ್ಲ. ಸೀರೆ ಕೇಳಲು ಒಪ್ಪದ ಅಜ್ಜಿ, ಇದನ್ನು ಕೇಳಲು ಮಾತ್ರ ಆ ಮನೆಗೆ ಹೋದಳು.

ಮದುವೆಯ ಮುಂಜಾನೆ ಅಂತೋಣಿಯಮ್ಮ ಬಂದಳು. ಕೋಣೆಯ ಹೆಂಗಸರೆಲ್ಲ ಗೋಡೆಗೆ ಒತ್ತಿಕೊಂಡರು. ನಾನು ಅಜ್ಜಿಯ ಸೆರಗು ಹಿಡಿದಿದ್ದೆ. ಅಂತೋಣಿಯಮ್ಮ ಯಾರನ್ನೂ ನೋಡಲಿಲ್ಲ. ಹೆಣದ ಮೈಮೇಲಿಂದ ಬಿಡಿಸಿದ ಅದೇ ನೆರಿಗೆಗಳನ್ನು ಒಂದೊಂದಾಗಿ ಎಣಿಸಿದಂತೆ ಹಿಡಿದು, ಸೊಂಟಕ್ಕೆ ಸಿಕ್ಕಿಸಿ, ಸೆರಗು ಭುಜಕ್ಕೆ ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದಳು. ಕಣ್ಣು ಎಲ್ಲೋ ಇತ್ತು. “ಕತ್ತು ನೇರ ಮಾಡು, ರೋಸ್ಲಿ,” ಎಂದಳು.

ಹೆಸರು ತಿದ್ದಲು ಚಿಕ್ಕಮ್ಮ ಬಾಯಿ ತೆರೆದಳು. ಅಜ್ಜಿ ಅವಳ ಕೈ ಅಮುಕಿ ಹಿಡಿದಳು. ಫಿಲೋಮಿನಾ ಕತ್ತು ನೇರ ಮಾಡಿದಳು. “ಸರಿನಾ ಅಮ್ಮಾ?” ಎಂದಳು. ಆ ದನಿ ಫಿಲೋಮಿನಾಳದಲ್ಲ. ನಾನು ಇಂದಿಗೂ ಆಣೆಯಿಟ್ಟು ಹೇಳುತ್ತೇನೆ, ರೋಸ್ಲಿ ಜಡೆ ಎಳೆದು ನಗುವಾಗಿನ ದನಿ ಅದು. ಅಂತೋಣಿಯಮ್ಮ ಹತ್ತಿರ ಬಂದು ಅವಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಎಳೆದಳು. “ಸರಿ. ಹೋಗಿ ಬಾ, ಕಣ್ಣು. ನಿನ್ನನ್ನ ಈ ಸೀರೇಲಿ ಇನ್ನೊಂದು ಸಲ ನೋಡ್ಬೇಕಿತ್ತು, ನೋಡ್ದೆ,” ಎಂದಳು. ಆಮೇಲೆ ಗೋಡೆ ಹಿಡಿದು ಕುಸಿದು ಕೂತು, ಮಗಳು ಸತ್ತಾಗಲೂ ಅಳದಿದ್ದವಳು, ಊರಿಗೆ ಕೇಳುವ ಹಾಗೆ ಅತ್ತಳು. ಯಾರೂ ಅಪಶಕುನ ಅನ್ನಲಿಲ್ಲ. ಚಿಕ್ಕಮ್ಮನೇ ನೀರು ತಂದುಕೊಟ್ಟಳು.

ಫಿಲೋಮಿನಾ ಚೆನ್ನಾಗಿ ಬಾಳಿದಳು. ಅಂತೋಣಿಯಮ್ಮ ಇರುವವರೆಗೂ ಆ ದಂಪತಿ ಪ್ರತಿ ಭಾನುವಾರ ಅವಳ ಮನೆಯಲ್ಲೇ ಊಟ ಮಾಡುತ್ತಿದ್ದರು. ಅವಳು ಫಿಲೋಮಿನಾಳನ್ನು ಒಂದು ದಿನ ಅವಳದೇ ಹೆಸರು ಹಿಡಿದು, ಒಂದು ದಿನ ರೋಸ್ಲಿ ಎಂದು ಕರೆಯುತ್ತಿದ್ದಳು. ಸೀರೆ ಮತ್ತೆ ಹಗ್ಗಕ್ಕೆ ಬಂತು, ಮತ್ತೆ ಮನೆಮನೆಗೆ ಹೋಯಿತು. ಅಜ್ಜಿ ಹೋದಳು. ಅಪ್ಪ ಮಗ್ಗ ಮಾರಿ ಕುರಿಚಿಯ ಫೌಂಡ್ರಿಗೆ ಸೇರಿದ, ಮನೆಯ ಸಾಮಾನು ದಾಯಾದಿಗಳ ಪಾಲಾಯಿತು, ಹೆಂಚು ಒಬ್ಬರು, ಬಾಗಿಲು ಒಬ್ಬರು. ಸೀರೆ ಯಾರ ಕೈ ಸೇರಿತೆಂದು ದಲ್ಲಾಳಿ ಗಂಟು ಬಿಚ್ಚುವವರೆಗೂ ನನಗೆ ಗೊತ್ತಿರಲಿಲ್ಲ. ಈಗ ಅಲ್ಲಿ ಹೋಗಿ ನಿಂತರೆ ಹೊಳೆಯ ಸದ್ದು ಒಂದೇ ಕೇಳುತ್ತದೆ. ಅದರ ಜೊತೆಗಿದ್ದ ಇನ್ನೊಂದು ಸದ್ದು ಇಲ್ಲವೆಂಬುದು ಆ ಊರಲ್ಲಿ ನನ್ನ ಕಿವಿಗೆ ಮಾತ್ರ ಗೊತ್ತು.

ಓದುವ ನಿಮಗೂ ಇಂಥದೊಂದು ಮನೆ ಇತ್ತೆಂದು ಬಲ್ಲೆ, ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕಾಸು ಕೇಳುವುದಿಲ್ಲ. ಸತ್ತ ಮನೆಗೆ ಕೊಟ್ಟದ್ದನ್ನು ಕೇಳಲು ಹೋಗಬೇಡಿ. ಅವರಾಗಿ ತಂದುಕೊಟ್ಟರೆ “ಬೇಡ, ನೀವೇ ಇಟ್ಟುಕೊಳ್ಳಿ” ಎಂದು ದೊಡ್ಡವರಾಗಲೂ ಹೋಗಬೇಡಿ. ಕೊಡುವ ಅವಕಾಶವನ್ನು ಅವರ ಕೈಯಿಂದ ಕಿತ್ತುಕೊಂಡಂತೆ ಆಗುತ್ತದೆ. ನಿಮ್ಮ ಮನೆಯಲ್ಲಿ ಮದುವೆಯಾದರೆ ಆ ವರ್ಷ ಮಕ್ಕಳನ್ನು ಕಳೆದುಕೊಂಡವರನ್ನು ಮೊದಲು ಕರೆಯಿರಿ. ಮದುವೆಯ ಕಾಗದ ಕೊಟ್ಟು ಬಂದರೆ ಸಾಲದು, ಕೈಗೊಂದು ಕೆಲಸ ಕೊಡಿ, ನೆರಿಗೆ ಹಿಡಿಯುವುದೋ, ಹೂ ಮುಡಿಸುವುದೋ. ಕೆಲಸದ ನಡುವೆ ಅವರು ನಿಮ್ಮನ್ನು ಬೇರೆ ಯಾರದೋ ಹೆಸರು ಹಿಡಿದು ಕರೆದರೆ ತಿದ್ದಬೇಡಿ. ಓಗೊಡಿ.