ಹೆಬ್ಬೆರಳಿನ ಕೆಳಗಿನ ನಾಯಿ

ಆಂಟಿಯ ಕೊರಳಲ್ಲಿ ತಾಳಿಸರದ ಜೊತೆಗೆ, ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿಯೊಂದು ತೂಗುತ್ತಿತ್ತು. ಬಗ್ಗಿ ರೊಟ್ಟಿ ತಟ್ಟುವಾಗ ಎರಡೂ ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಧಾರವಾಡದವರು; ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಹಳೆಯ ಕಲಾವಸ್ತುಗಳ ಅಂಗಡಿ ಇಟ್ಟಿದ್ದರು. ರಿಚರ್ಡ್‌ಸನ್‌ನಲ್ಲಿ ಡೇಟಾ ಸೈನ್ಸ್ ಓದುತ್ತಿದ್ದ ನಾನು ಶನಿವಾರ ಬಂತೆಂದರೆ ರೊಟ್ಟಿ, ಎಣ್ಣೆಗಾಯಿಯ ಆಸೆಗೆ ಟ್ರೇನ್ ಹತ್ತುತ್ತಿದ್ದೆ. ಊಟ ಮುಗಿಯುವಷ್ಟರಲ್ಲಿ ಯಾವುದೋ ಹಳೆ ಬಟ್ಟಲು ಮುಂದೆ ಬರುತ್ತಿತ್ತು. “ಚಂದ ಐತಿ ಅನ್ನೂದು ಎಲ್ಲಾರಿಗೂ ಕಾಣ್ತದ. ಯಾರ ಮನ್ಯಾಗಿತ್ತು, ಅದನ್ನ ಹೇಳು,” ಎನ್ನುತ್ತಿದ್ದರು.

ಒಮ್ಮೆ ಡಲ್ಲಾಸ್‌ನ ಮನೆಯೊಂದರವರು ಹಳೆ ಸಾಮಾನು ಮಾರುವಾಗ ಆಂಟಿಗೆ ಅಂಗೈಯಗಲದ ಫಲಕ ಸಿಕ್ಕಿತು. ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿಯಿಂದ ಚಿತ್ರ ಬರೆದು ಕುಲುಮೆಯಲ್ಲಿ ಸುಟ್ಟ ಎನಾಮಲ್ ಕೆಲಸ. ಐನೂರು ವರ್ಷಗಳಷ್ಟು ಹಿಂದೆ ಫ್ರಾನ್ಸಿನ ಲಿಮೋಜ್ ಊರಲ್ಲಿ ಆದದ್ದು. ಕಡುನೀಲಿ ಆಕಾಶದ ಕೆಳಗೆ ಕತ್ತೆಯ ಮೇಲೆ ಕೂತ ತಾಯಿ, ಮಡಿಲಲ್ಲಿ ಕೂಸು. ಎರಡನೇ ಮಹಾಯುದ್ಧ ಮುಗಿಸಿ ಬಂದ ತಮ್ಮ ಅಜ್ಜ ಯುರೋಪಿನಿಂದ ತಂದದ್ದು ಎಂಬುದಷ್ಟೇ ಮಾರಿದವರಿಗೆ ಗೊತ್ತಿತ್ತು.

ಸುದ್ದಿ ತಿಳಿದು ಹ್ಯೂಸ್ಟನ್‌ನಿಂದ ಸಂಗ್ರಾಹಕರೊಬ್ಬರು ಬಂದರು. ಹಿಂದಿನ ಕತೆ ತಮಗೆ ಬೇಡ, ಫಲಕ ಸಾಕು ಎಂದರು. ಆಂಟಿ ಚಹಾ ಕೊಟ್ಟು ಕಳಿಸಿಬಿಟ್ಟರು.

“ಮನೀಗೆ ಬಂದಾವ್ರನ್ನ ಹಿಂಗ ಬರಿಗೈಲೆ ಕಳಸ್ತಾರೇನ?” ಅಂಕಲ್ ತಲೆ ಮೇಲೆ ಕೈ ಹೊತ್ತರು.

“ಯುದ್ಧದಾಗ ಮನಿ ಬಿಟ್ಟು ಓಡಿದವ್ರದು ಇರಬೇಕರಿ. ಅವ್ರನ್ನ ಹುಡುಕದ ನಾ ಯಾರಿಗೂ ಕೊಡೂದಿಲ್ಲ.”

ಕಳೆದುಹೋದ ಕಲಾವಸ್ತುಗಳನ್ನು ಹುಡುಕುವವರ ಜಾಲತಾಣಕ್ಕೆ ಫೋಟೋ ಹಾಕಿದರು. ನೋಡಿದರೆ, ಚಿತ್ರದ ಮೂಲೆಯೊಂದು ಅವರ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗಿತ್ತು.

“ಆಂಟಿ, ಬೆರಳು ಬಂದ್ಬಿಟ್ಟಿದೆ. ಇನ್ನೊಂದು ತೆಗೀಲಾ?”

“ಇರಲಿ ಬಿಡು. ಅದರ ಕೆಳಗ ಏನೈತಿ ಅಂತ ಹೇಳಿದವ್ರದ ಇದು.”

ಹೂವೆಂದವರು, ದೇವದೂತನೆಂದವರು ಬಹಳ. ತಿಂಗಳುಗಳು ಕಳೆದ ಮೇಲೆ ಆಸ್ಟಿನ್‌ನಿಂದ ತೊಂಬತ್ತು ದಾಟಿದ ಫ್ರೆಂಚ್ ಅಜ್ಜಿಯೊಬ್ಬರು ಫೋನ್ ಮಾಡಿದರು. “ಅಲ್ಲೊಂದು ನಾಯಿ ಇದೆ. ಬಣ್ಣ ಚಕ್ಕೆಯೆದ್ದು ಅದರ ಬಾಲ ಹೋಗಿದೆ. ಕತ್ತೆ ತುಳಿದುಬಿಡ್ತು ಅಂತ ನಮ್ಮಪ್ಪ ಹೇಳ್ತಿದ್ದರು.”

ಆಂಟಿ ಕೊರಳಿನ ಭೂತಗನ್ನಡಿ ಹಿಡಿದು ಆ ಮೂಲೆ ನೋಡಿದರು; ನಾಯಿಗೆ ಬಾಲವಿರಲಿಲ್ಲ.

ಮರುದಿನವೇ ಮೂವರೂ ಡ್ರೈವ್ ಮಾಡಿಕೊಂಡು ಹೋದೆವು. ಆಸ್ಟಿನ್‌ನ ದ ಡೊಮೇನ್ ಎಂಬ ಅಂಗಡಿಬೀದಿಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಅಜ್ಜಿ ಫಲಕವನ್ನು ಎರಡೂ ಕೈಯಲ್ಲಿ ಹಿಡಿದು, ನಾಯಿಯನ್ನು ಬೆರಳಲ್ಲಿ ಸವರಿ, ಚಿಕ್ಕ ಹುಡುಗಿಯಂತೆ ಜೋರಾಗಿ ನಕ್ಕರು. ಪ್ಯಾರಿಸ್ಸಿನ ಅವರ ಮನೆಯ ಊಟದ ಕೋಣೆಯಲ್ಲಿ ಅದು ಇತ್ತಂತೆ. ಮನೆ ಬಿಟ್ಟ ರಾತ್ರಿ ಯಾರೂ ಗೋಡೆಯ ಕಡೆ ನೋಡಲಿಲ್ಲವಂತೆ. “ನಿಮ್ಮಪ್ಪ ಮತ್ತೇನು ಹೇಳ್ತಿದ್ದರು?” ಎಂದು ಆಂಟಿ ಕೇಳಿದರು. ಆಮೇಲೆ ಸಂಜೆಯವರೆಗೂ ನಾವು ಏಳಲಿಲ್ಲ. ಫಲಕವನ್ನು ಅಜ್ಜಿಗೇ ಬಿಟ್ಟು ವಾಪಸ್ ಬರುವಾಗ ಅಂಕಲ್, “ನಾನೂ ಒಮ್ಮೆ ಆ ನಾಯೀನ ಮುಟ್ಟಿ ಬರಬೇಕಿತ್ತು,” ಎಂದು ದಾರಿಯುದ್ದಕ್ಕೂ ಪೇಚಾಡಿದರು.

ಡಿಗ್ರಿ ಮುಗಿದ ಮೇಲೆ ನಾನು ಡೇಟಾ ಸೈನ್ಸ್ ಬಿಟ್ಟು ಕಲಾ ಇತಿಹಾಸಕ್ಕೆ ಶಿಫ್ಟ್ ಆದೆ. ಮೈಸೂರಿನಲ್ಲಿ ಅಮ್ಮ ಗಾಬರಿಯಾದಾಗ ಆಂಟಿಯೇ ಫೋನ್ ಮಾಡಿದರು: “ಚಿಂತಿ ಮಾಡಬ್ಯಾಡ್ರಿ. ಕಳದ ಸಾಮಾನು ಮನಿ ಮುಟ್ಟಿಸೋ ಕೆಲಸ, ಭಾಳ ಚಲೋ ಕೆಲಸ.” ಅಮ್ಮ ನನ್ನನ್ನು ಕೇಳಿದಳು, “ಅದು ಪೊಲೀಸರ ಕೆಲಸ ಅಲ್ವೇನೇ?”

ಈಗ ಹ್ಯೂಸ್ಟನ್‌ನ ವಸ್ತುಸಂಗ್ರಹಾಲಯವೊಂದರಲ್ಲಿ ಅದೇ ಕೆಲಸ ಮಾಡುತ್ತೇನೆ. ಯಾವುದಾದರೂ ವಸ್ತುವಿನ ಹಳೆಯ ಮನೆ ಪತ್ತೆಯಾದರೆ ಮೊದಲು ಆಂಟಿಗೆ ಹೇಳುತ್ತಿದ್ದೆ; ಆ ಮನೆಯವರ ಕ್ಷೇಮವನ್ನೇ ಅವರು ಮೊದಲು ಕೇಳುತ್ತಿದ್ದರು. ಹೋದ ವರ್ಷ ಆಂಟಿ ತೀರಿಕೊಂಡರು. ಈಗ ಅಂಕಲ್‌ಗೆ ಫೋನ್ ಮಾಡುತ್ತೇನೆ. ಅವರು ಎಲ್ಲ ಕೇಳಿಸಿಕೊಂಡು, ಥೇಟ್ ಆಂಟಿಯ ಹಾಗೆಯೇ ಕೇಳುತ್ತಾರೆ: “ಆ ಮನಿ ಮಂದಿ ಎಲ್ಲಾ ಆರಾಮ ಅದಾರಿಲ್ಲೋ?”