ಕತ್ತಲಲ್ಲೇ ತೆಗೆಯಬೇಕಿದ್ದ ಡಬ್ಬಿ

ನನ್ನ ಮೇಜಿನ ಖಾನೆ ಖಾಲಿ ಮಾಡುವಾಗ ಕಪ್ಪು ಪ್ಲಾಸ್ಟಿಕ್ಕಿನ ಫಿಲ್ಮ್ ಡಬ್ಬಿಯೊಂದು ಉರುಳಿತು. ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ 'ಕತ್ತಲಲ್ಲೇ ತೆಗೀರಿ' ಎಂದಿತ್ತು. ಬರಹ ನಮ್ಮ ಪತ್ರಿಕೆಯ ಹಿರಿಯ ಛಾಯಾಗ್ರಾಹಕರದು...

ವರ್ಷಗಳ ಹಿಂದೆ, ಫಿಲ್ಮ್ ಕಾಲದಲ್ಲಿ, ಕೆಂಪಾಪುರದ ಆಚೆ ಸಣ್ಣ ಕೆರೆಯೊಂದಕ್ಕೆ ಲಾರಿಗಳು ಮಣ್ಣು ಸುರಿಯುತ್ತಿದ್ದವು. ಆ ಸುದ್ದಿ ನನ್ನದು, ಚಿತ್ರ ಅವರದು. ಮಾಮೂಲಿ ಕಪ್ಪು-ಬಿಳುಪು ಚಿತ್ರದಲ್ಲಿ ನೀರು, ಜೊಂಡು, ಮಣ್ಣು ಎಲ್ಲ ಒಂದೇ ಬೂದು. ಅದಕ್ಕೇ ಅವರು ಇನ್‌ಫ್ರಾರೆಡ್ ಫಿಲ್ಮ್ ತರಿಸಿದರು. ಅದರಲ್ಲಿ ಹಸಿರೆಲೆ ಬೆಳ್ಳಗೆ, ನೀರು ಕಾಡಿಗೆಯಂತೆ ಕಪ್ಪು. ಕೆರೆ ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಯಿತೆಂಬುದು ಸ್ಪಷ್ಟ.

ಆ ರೋಲನ್ನು ಬಿಸಿಗೆ ಕೆಡದಿರಲೆಂದು ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟಿದ್ದರು. ಕ್ಯಾಮೆರಾಗೆ ಹಾಕಿದ್ದು ಡಾರ್ಕ್‌ರೂಮಿನಲ್ಲಿ, ಕೆಂಪು ದೀಪವನ್ನೂ ಆರಿಸಿ, ಬೆರಳಲ್ಲೇ ತಡವಿ.

"ಬೇರೆ ರೋಲ್‌ಗೆ ಬೆಳಕು ತಡೆಯೋಕೆ ಅದರ ಬಾಯಲ್ಲಿರೋ ಬಟ್ಟೆ ಪಟ್ಟಿ ಸಾಕು ಕಣ್ರೀ. ಇದಕ್ಕೆ ಸಾಲಲ್ಲ. ನಮ್ ಕಣ್ಣಿಗೆ ಕಾಣ್ದಿರೋ ಬೆಳಕೂ ಒಳಗೆ ನುಗ್ಗತ್ತೆ," ಎಂದಿದ್ದರು.

ಮೂರು ದಿನ ದಂಡೆಯಲ್ಲಿ ನಿಂತು ಒಂದೇ ರೋಲ್ ತೆಗೆದರು. ಕತ್ತಲಲ್ಲೇ ಬಿಚ್ಚಿ, ಡಬ್ಬಿಗೆ ಹಾಕಿ, ಎಚ್ಚರಿಕೆ ಬರೆದು, ತೊಳೆಯುವ ಮೊದಲು ಕೆಲಸ ಮುಗಿದಿದೆಯೆಂದು ಸುದ್ದಿ ಸಂಪಾದಕರಿಗೆ ತೋರಿಸಲು ತಂದರು. ನಾನು ಪಕ್ಕದಲ್ಲೇ ಇದ್ದೆ.

"ಮೂರು ದಿನಕ್ಕೆ ಒಂದೇ ರೋಲಾ? ಮೀನು ಹಿಡೀತಿದ್ರೇನ್ರೀ?" ಎನ್ನುತ್ತ ಸಂಪಾದಕರು ಮುಚ್ಚಳ ತೆಗೆದು, ರೋಲನ್ನು ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿದರು.

"ಅಯ್ಯೋ ಸರ್, ಮುಚ್ಚಿ!" ಛಾಯಾಗ್ರಾಹಕರು ಕೂಗಿದರು.

"ಸುತ್ತಿದ್ದು ಸುತ್ತಿದ್ದ ಹಾಗೇ ಇದ್ಯಲ್ಲ! ನಾನೇನು ಫಿಲ್ಮ್ ನೋಡ್ದೇ ಇರೋನಾ?"

ತೊಳೆದಾಗ, ಸುರುಳಿಯ ಹೊರಸುತ್ತಿನಲ್ಲಿದ್ದ ಮೊದಲ ಚಿತ್ರಗಳೆಲ್ಲ ಬೆಳಕು ನುಗ್ಗಿ ನೆಗೆಟಿವ್‌ನಲ್ಲಿ ಬರೀ ಮಸಿ. ಕೆರೆಯ ಅಂಚು ಇದ್ದದ್ದು ಅವುಗಳಲ್ಲೇ. ಮತ್ತೆ ತೆಗೆಯೋಣವೆಂದರೆ ಅಷ್ಟರಲ್ಲಿ ಅಂಚು ಮಣ್ಣಿನಡಿ ಹೋಗಿತ್ತು. ಚಿತ್ರವಿಲ್ಲವೆಂದು ಸುದ್ದಿಯನ್ನೂ ಕೈಬಿಟ್ಟರು.

ವಾರದೊಳಗೆ ಸಂಪಾದಕರ ಸಹಿಯ ಮೆಮೊ ಬಂತು: 'ಛಾಯಾಗ್ರಾಹಕರ ಅಜಾಗರೂಕತೆಯಿಂದ ಫಿಲ್ಮ್ ಹಾಳಾಗಿದೆ.' ಕಂಡದ್ದನ್ನು ನಾನು ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಅವರ ಕ್ಯಾಮೆರಾ ಕಿತ್ತುಕೊಂಡು ಹಳೆಯ ಫೋಟೋಗಳಿಗೆ ನಂಬರು ಹಾಕುವ ಕೆಲಸಕ್ಕೆ ಕೂರಿಸಿದರು. ಆ ರೋಲು ಹಾಳಾಗದಂತೆ ಅಷ್ಟು ಕಾದವರು ಅವರೊಬ್ಬರೇ. ಶಿಕ್ಷೆಯೂ ಅವರೊಬ್ಬರಿಗೇ.

"ನೀವ್ ನೋಡಿದ್ರಲ್ಲ, ಸಾಕು ಬಿಡಿ," ಎಂದರು ನನಗೆ.

ಸಾಕಾಗಲಿಲ್ಲ...

ಕೆರೆಯ ಮೇಲೆ ಈಗ ಮನೆಗಳಿವೆ. ಅವರು ಹೋದ ತಿಂಗಳು ತೀರಿಕೊಂಡರು. ಪತ್ರಿಕೆ ಈಗಲೂ ತನ್ನ ತಪ್ಪುಗಳಿಗೆ ಒಳಪುಟದಲ್ಲಿ ವಿಷಾದಿಸುತ್ತದೆ. ಮೊನ್ನೆ ಕಲ್ಯಾಣ ಮಂಟಪವೊಂದರ ವಿಳಾಸ ತಪ್ಪಿದ್ದಕ್ಕೂ ವಿಷಾದಿಸಿತು. ಅವರ ಕಡತದಲ್ಲಿ ಮಾತ್ರ ಆ 'ಅಜಾಗರೂಕತೆ' ಇವತ್ತಿಗೂ ತಿದ್ದುಪಡಿಯಿಲ್ಲದೆ ಕೂತಿದೆ.